ಚೌರಪ್ಪನ ಅಳತೆಯ ಮೇಣದಬತ್ತಿ

ಸಾತನೂರಿನಲ್ಲಿ ಒಬ್ಬ ಮುದುಕಿ, ಒಬ್ಬ ನಡುವಯಸ್ಸಿನವನು ಬಸ್ಸು ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತರು. ಜೊತೆಗೆ ಟವೆಲ್ಲು ಸುತ್ತಿದ ಆಳೆತ್ತರದ ಮೇಣದಬತ್ತಿ. ಅದಕ್ಕೂ ಟಿಕೆಟ್ ತಗೊಳ್ಳಿ ಅಂತ ಕಂಡಕ್ಟರ್ ಗೊಣಗಿಕೊಂಡು ಹೋದ.

“ಯಾರ ಜೀವ ಉಳೀತೋ ಅವರೆತ್ತರದ ಬತ್ತಿ ತಾನೆ ದೊಡ್ಡವ್ವ ಹಚ್ಚೋದು? ಇದು ನಿನಗಿಂತ ಉದ್ದ ಐತಲ್ಲ.”

“ನನ್ನ ಅಳತೇದಲ್ಲ ಕಣ್ಲಾ ಚೌರಪ್ಪ. ನಿಂದು.”

“ನಂದ್ಯಾಕೆ? ಹಿಪ್ನೇರಳೆ ತೋಟಕ್ಕೆ ಆನೆ ನುಗ್ಗಿದಾಗ ಸಿಕ್ಕಾಕೊಂಡಿದ್ದು ನೀನು.”

“ನೀನೂ ಇದ್ದೆ.”

“ಇದ್ದೆ. ಮಂಡಿ ಹಿಡ್ಕೊಂಡು ಏಳಾಕಾಗ್ದೆ ಕೂತಿದ್ದ ನಿನ್ನ ಅಲ್ಲೇ ಬುಟ್ಟು ಓಡೋದೆ. ತಿರುಗಿ ಕೂಡ ನೋಡ್ಲಿಲ್ಲ.”

“ಮೆತ್ತಗೆ ಮಾತಾಡ್ಲಾ. ಹಿಂದೆ ಜನ ಅವ್ರೆ.”

“ಕೇಳುಸ್ಕೊಳ್ಳಲಿ ಬುಡು.”

ನಾನು ಕಿಟಕಿಯ ಕಡೆ ತಿರುಗಿದೆ.

“ನಾನು ಕೂತಲ್ಲೇ ಜಪ ಮಾಡ್ತಿದ್ದೆ. ಆನೆ ಸೊಪ್ಪು ತುಂಬಿದ್ದ ಮಂಕರಿ ತುಳಿದು ಆಚೆ ಹೋಯ್ತು. ನೀನು ಓಡಿದ ಹಾದೀಲೇ ಇನ್ನೊಂದು ನಿಂತಿತ್ತಲ್ಲ, ಅದು ನಿನ್ನ ಮುಟ್ತಾ?”

“ಇಲ್ಲ.”

“ಕರೆದೋಳನ್ನ ಯೇಸುಸ್ವಾಮಿ ಕಾದಿದ್ದು ಏನ್ ದೊಡ್ಡದು? ಬುಟ್ಟು ಓಡಿದೋನನ್ನೂ ಕಾದನಲ್ಲ, ಅದಕ್ಕೆ ಈ ಬತ್ತಿ.”

ಅವನು ಬತ್ತಿಯನ್ನು ಅವಳತ್ತ ಸರಿಸಿದ.

“ನಾನು ಹಿಡಿಯಾಕಿಲ್ಲ ದೊಡ್ಡವ್ವ. ನಾಚಿಕೆ ಆಯ್ತದೆ.”

“ಆಗಲಿ. ನಾಚಿಕೊಂಡೇ ಹಿಡ್ಕೊ.”

ಕನಕಪುರದಲ್ಲಿ ಚರ್ಚಿನ ಸ್ಟಾಪು ಬಂತು. ಅವನು ಮೊದಲು ಇಳಿದು, ಕೈಕೊಟ್ಟು ಅವಳನ್ನು ಇಳಿಸಿಕೊಂಡು, ಬತ್ತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ. ಮುದುಕಿ ಅಳತೆ ಸರಿಯಾಗಿಯೇ ಕೊಟ್ಟಿರಬೇಕು. ಅವನು ತಲೆ ತಗ್ಗಿಸಿದ್ದರಿಂದ ಬತ್ತಿ ಅವನಿಗಿಂತ ಗೇಣುದ್ದ ಎತ್ತರ ಕಾಣುತ್ತಿತ್ತು.