ಇನ್ನೊಂದು ಗೇಣು ಸಡಿಲ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಮೂವತ್ತೊಂದು ವರ್ಷ ನನ್ನ ಕೂಗಾಟ ಸಹಿಸಿಕೊಂಡ ಈ ವಿದ್ಯುತ್ ಉಪಕೇಂದ್ರದ ಗೆಳೆಯರೇ, ಸಭಿಕರೇ,

ಭೂಕಂಪವಾಗಿ ಮೂವತ್ತು ಗಂಟೆಯೊಳಗೆ ಊರಿಗೆ ಬೆಳಕು ತಂದವನು ಎರಾಸ್ಮೊ ಎಂದು ಅಧ್ಯಕ್ಷರು ಈ ಬೀಳ್ಕೊಡುಗೆಯಲ್ಲಿ ನನ್ನನ್ನು ಈಗಷ್ಟೇ ಹೊಗಳಿದರು. ನೀವು ಚಪ್ಪಾಳೆ ತಟ್ಟಿದಿರಿ. ಬೆಳಕು ಹೋದದ್ದು ಯಾರಿಂದ ಎಂದು ಯಾರೂ ಕೇಳಲಿಲ್ಲ.

ಚಿಲಿಯಲ್ಲಿ ಹುಟ್ಟಿದವರಿಗೆ ಭೂಕಂಪ ಹೊಸದೇ? ವೈನ್ ಲೋಟ ಚೆಲ್ಲದಂತೆ ಹಿಡಿದುಕೊಂಡು ಊಟ ಮುಂದುವರಿಸುವ ಜನ ನಾವು. ನಮ್ಮ ಅಂಗಳದಲ್ಲಿ ತಂತಿ ಹೊತ್ತು ನಿಂತ ಪಿಂಗಾಣಿ ಕಂಬಗಳಿಗೆ ಆ ಅಭ್ಯಾಸವಿಲ್ಲ. ನೆಲ ಅಲುಗಿದಾಗ ಒಂದೊಂದೂ ಒಂದೊಂದು ರೀತಿ ತೂಗುತ್ತದೆ. ನಡುವಿನ ತಂತಿ ಬಿಗಿಯಾಗಿದ್ದರೆ ಒಂದು ಇನ್ನೊಂದನ್ನು ಎಳೆದು ಮುರಿಯುತ್ತದೆ.

ಎಂಜಿನಿಯರಾದ ನನಗೆ ಇದನ್ನು ಫಿಟ್ಟರ್ ನಿಬಾಲ್ದೊ ಹೇಳಬೇಕಾಯಿತು. ಕರೆಂಟ್ ಕಡಿಯುವ ಹೊಸ ಬ್ರೇಕರಿಗೆ ತಂತಿ ಜೋಡಿಸುತ್ತ ಏಣಿಯ ಮೇಲಿಂದಲೇ ಕೂಗಿದ: "ದೊನ್ ಎರಾಸ್ಮೊ, ಇನ್ನೊಂದು ಗೇಣು ಸಡಿಲ ಬಿಡೋಣ. ನೆಲ ಕುಣಿದ್ರೆ ಇದು ಜಗ್ಗುತ್ತೆ."

"ನಾಳೆ ಮಂತ್ರಿ ಬರ್ತಾರೆ ಮಾರಾಯ! ಬಟ್ಟೆ ಒಣಗಿಸೋ ಹಗ್ಗದ ಥರ ಜೋತಾಡ್ತಿದ್ರೆ ಏನ್ ಚಂದ? ಬಿಗಿಯಾಗಿ ಎಳಿ."

"ನೆಲಕ್ಕೆ ಮಂತ್ರಿ ಯಾರು ಅಂತ ಗೊತ್ತಿಲ್ಲ, ದೊನ್."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ಬಿಗಿಯಾಗಿ ಎಳೆದ.

ಮಂತ್ರಿ ಬರಲೇ ಇಲ್ಲ. ನಾಲ್ಕು ವರ್ಷದ ನಂತರ, ಒಂದು ಭಾನುವಾರ ಮಧ್ಯಾಹ್ನ, ಭೂಕಂಪ ಬಂತು. ನಾನು ಓಡಿ ಬಂದಾಗ ಅಂಗಳದ ತುಂಬ ಪಿಂಗಾಣಿ ಚೂರು. ಬಿಗಿ ತಂತಿ ಇದ್ದ ಕಡೆಯೇ ಮುರಿದಿತ್ತು, ಮಿಕ್ಕೆಲ್ಲ ನೆಟ್ಟಗೆ ನಿಂತಿತ್ತು. ನಿಬಾಲ್ದೊ ಆಗಲೇ ಬಂದಿದ್ದ. ಅವನ ಹೆಂಡತಿ ಎದೆಲ್ಮೀರಾ ಮನೆಯಲ್ಲಿ ಕರೆಂಟಿನಿಂದ ನಡೆಯುವ ಆಕ್ಸಿಜನ್ ಯಂತ್ರದ ನೆರವಿನಿಂದ ಉಸಿರಾಡುತ್ತಿದ್ದಳು.

"ನೀನು ಮನೆಗೆ ಹೋಗಪ್ಪ," ಎಂದೆ.

"ಸಿಲಿಂಡರ್ ಇದೆ, ಮಗಳು ನೋಡ್ಕೋತಾಳೆ. ಬೇಗ ಕರೆಂಟ್ ಕೊಡೋಣ, ಅವಳಿಗೆ ಅದೇ ಔಷಧಿ."

ಸಿಲಿಂಡರ್ ಸೋಮವಾರ ಬೆಳಗಿನವರೆಗೆ ಬಂತು. ನಾವು ಕರೆಂಟ್ ಕೊಟ್ಟದ್ದು ಸೋಮವಾರ ಸಂಜೆ.

ಅಂದು ಮಧ್ಯಾಹ್ನವೇ, ಅಮ್ಮ ಹೋದ ಸುದ್ದಿ ತಂದ ಮಗಳನ್ನು ನಿಬಾಲ್ದೊ ಗೇಟಿನ ಬಳಿ ತಬ್ಬಿಕೊಂಡು ನಿಂತ. ಆಮೇಲೆ ಬಂದು ಮತ್ತೆ ಏಣಿ ಹತ್ತಿದ. "ಬೇರೆಯವರ ಮನೇಲೂ ಯಂತ್ರ ಇರ್ತವೆ," ಅಂದ. ಹೊಸ ತಂತಿ ಹಿಡಿದು ಕೆಳಗೆ ನನ್ನತ್ತ ನೋಡಿದ: "ಎಷ್ಟು ಬಿಡ್ಲಿ, ದೊನ್ ಎರಾಸ್ಮೊ?" ಆ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವರದಿಯಲ್ಲಿ ‘ನಿರೀಕ್ಷೆ ಮೀರಿದ ಕಂಪನ’ ಎಂದು ಬರೆದೆ. ತಂತಿಯ ವಿಚಾರ ಬರೆಯಲಿಲ್ಲ. ನಿಬಾಲ್ದೊ ಯಾರಿಗೂ ಹೇಳಲಿಲ್ಲ, ಮಗಳಿಗೂ. ಹೋದ ಜುಲೈನಲ್ಲಿ ಅವನೂ ತೀರಿಕೊಂಡ. ಹಾಗಾದರೆ ಈಗ ಯಾರ ಕ್ಷಮೆ ಕೇಳಲಿ?

ಮೂರನೆಯ ಸಾಲಿನಲ್ಲಿ ಎದ್ದು ನಿಂತಿದ್ದಾಳಲ್ಲ, ಅವಳೇ ಆ ಮಗಳು. ಆಗ ಚಪ್ಪಾಳೆ ತಟ್ಟಿದವರಲ್ಲಿ ಅವಳೂ ಇದ್ದಳು. ತಡೆಯಬೇಡಿ. ದಯವಿಟ್ಟು ದಾರಿ ಬಿಡಿ, ಹೊರಗೆ ಹೋಗಲಿ.

ಕುಳಿತು ಕೇಳಿದ ನಿಮಗೆ ನನ್ನ ವಂದನೆ. ನಮಸ್ಕಾರ.