ಮಾಲಾ ಬಳಿದ ಬಣ್ಣ

ದೀಪಾ ಸಣ್ಣ ಮಾಡ್ರಿ... ಇದು ಗಾಳಿಮಾತಲ್ಲ, ನಮ್ಮ ಓಣಿ ಬಂದಗಿಸಾಬನ ಮಗಳು ಯಾಸ್ಮಿನಗ ಆಗಿದ್ದು.

ಮುದ್ದೇಬಿಹಾಳದಾಗ ಕಾಲೇಜಿನ ಲ್ಯಾಬ್ ಮುಗಿಸಿ, ಕತ್ತಲಾದ ಮ್ಯಾಲೆ ಒಬ್ಬಾಕಿನೇ ಮನಿಗೆ ಹೊಂಟಿದ್ದಳು. ಹಾಳಬಾವಿ ಹತ್ರ ಬಂದಳು... ಒಳಗಿಂದ ಸಪ್ಪಳ. ಗುಂಯ್ಯ್... ಸಣ್ಣಗ ಏರಿಕೋಂತ ಹೋಗಿ, ಟಕ್ ಅಂತ ನಿಂತು ಬಿಡ್ತು. ಯಾಸ್ಮಿನಗ ಗುರುತು ಹತ್ತಿತು. ಗಾಜಿನ ತುಂಡಿನ ಮ್ಯಾಲೆ ಬಣ್ಣದ ಹನಿ ಬಿಟ್ಟು, ಗರಗರ ತಿರುಗಿಸಿ ತೆಳ್ಳಗ ಹರಡೋ ಮಷೀನಿನ ಸಪ್ಪಳ ಅದು! ಲ್ಯಾಬಿನ್ಯಾಗ ಆ ಮಷೀನಿನ ಮುಂದ ದಿನಾ ಕುಂಡ್ರತಿದ್ದಾಕಿ ಗೆಳತಿ ಮಾಲಾ. ಆಕಿ ಜ್ವರ ಬಂದು ಸತ್ತು ತಿಂಗಳಾಗಿತ್ತು.

ಆ ಬಣ್ಣದ ಗುಣಾ ಹೆಂಗಂದ್ರ, ಅದರ ಅಣುಗಳು ದೂರದೂರ ನಿಂತ್ರ ದೀಪದ ಕೆಳಗ ಹೊಳೀತಾವ. ಒಂದಕ್ಕೊಂದು ಅಂಟಿ ಗುಂಪು ಕಟ್ಟಿದ್ವೋ, ಹೊಳಪು ಮುಗೀತು. ಬದುಕಿದ್ದಾಗ ಒಂದಿನ, ಅವನ್ನ ದೂರ ಇಡಾಕ ಮಾಲಾ ಪ್ಲಾಸ್ಟಿಕ್ ಪುಡಿ ಕಲಸಿ, ಹಾಟ್‌ಪ್ಲೇಟಿನ ಸಣ್ಣ ಬಿಸಿಗೆ ಒಣಗಾಕ ಇಟ್ಟಿದ್ದಳು. ಮರುದಿನ ಪರೀಕ್ಷಕರು ಬರೋರಿದ್ರು. ಯಾಸ್ಮಿನಗ ಚಾದ ಚಟ. ಅದರ ಮ್ಯಾಲೇ ಚಾ ಕಾಸಿದಳು, ಏರಿಸಿದ ಬಿಸಿ ಇಳಸಾಕ ಮರೆತಳು! ಬಣ್ಣ ಗುಂಪು ಕಟ್ಟಿ ಸತ್ತು ಹೋತು. "ಬೇಜವಾಬ್ದಾರಿ ಹುಡುಗಿ" ಅಂತ ಎಲ್ಲಾರ ಮುಂದ ಬೈಸಿಕೊಂಡು, ಮಾಲಾ ಓದು ಬಿಟ್ಟು ತನ್ನೂರು ಯಂಕಂಚಿಗೆ ಹೋದಳು. ಯಾಸ್ಮಿನ ಬಾಯಿ ಬಿಡಲಿಲ್ಲ. ಪಾಪಿ!

"ಯಾಸ್ಮಿನ..." ಬಾವಿಯಾಗಿಂದ ಪಿಸುದನಿ. "ಬಿಸಿ ಯಾರು ಏರಿಸಿದ್ರು?"

"ನಾನಽ... ಮಾಲಾ, ನಾನಽ. ತಪ್ಪಾತು."

"ನನಗ್ಯಾಕ ಹೇಳ್ತಿ? ನಮ್ಮವ್ವಗ ಹೇಳು."

ಆಮ್ಯಾಲೆ ಏನೂ ಇಲ್ಲ... ಬರೇ ಜೀರುಂಡಿ ಜೀರ್ ಅನ್ನಾಕತ್ತಿತ್ತು.

ಕಣ್ಣು ಮುಚ್ಚದಽ ರಾತ್ರಿ ಕಳದು, ಮುಂಜಾನಿ ಮೊದಲನೇ ಬಸ್ಸಿಗೆ ಯಂಕಂಚಿಗೆ ಹೋದಳು. ಮಾಲಾನ ಅವ್ವ ಸಾತವ್ವ ಕಟ್ಟಿ ಮ್ಯಾಲೆ ಕುಂತಿದ್ದಳು.

"ತಪ್ಪು ಮಾಲಾಂದಲ್ಲರಿ ಯವ್ವಾ, ನಂದು. ನಾನಽ ಕೆಡಿಸಿದ್ದು, ನಾನಽ ಸುಮ್ಮನಿದ್ದೆ."

ಸಾತವ್ವ ತಲಿ ಎತ್ತಲಿಲ್ಲ. "ಗೊತ್ತೈತಿ. ರಾತ್ರಿ ಬಂದು ಹೇಳಿದಳು. ಆಕಿಗೆ ನಿನ್ನ ಮ್ಯಾಲೆ ಸಿಟ್ಟಿಲ್ಲ ತಗೋ... ನನಗೈತಿ."

ಯಾಸ್ಮಿನ ಆಕಿ ಕಾಲು ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಸಾತವ್ವ ಕಾಲು ಎಳಕೊಳ್ಳಲಿಲ್ಲ, ತಲಿ ಮ್ಯಾಲೆ ಕೈನೂ ಇಡಲಿಲ್ಲ. ಏಳುವಾಗ ಯಾಸ್ಮಿನ ನೋಡ್ತಾಳ... ಅಂಗಳದಾಗ ತೊಳೆದು ಬೋರಲ ಹಾಕಿದ ತಾಟು ಎರಡು. ಎರಡೂ ಇನ್ನೂ ಹಸಿ.

ಆ ಮನ್ಯಾಗ ಈಗ ಸಾತವ್ವ ಒಬ್ಬಾಕಿನೇ ರೀ! ನಗಬ್ಯಾಡ್ರಿ. ಯಾಸ್ಮಿನನ ಬಾಯಿಂದಽ ಕೇಳೇನಿ ನಾ... ಖರೇನಽ ಎರಡು ತಾಟು.