ಏಳು ಡ್ರ್ಯಾಗನ್ ಗೋಬಿ, ಒಂಬತ್ತು ಕಿಲೋ ಉಪ್ಪು

ಹೇಳಿಕೆ ಕೊಡುತ್ತಿರುವವಳು: ಸಾರ್ವಜನಿಕ ಮೀನುಮನೆಯ ತೊಟ್ಟಿ ಪಾಲಕಿ, ಎಲ್ಲರ ಬಾಯಲ್ಲೂ ತೊಟ್ಟಿಯಕ್ಕ. ವಯಸ್ಸು 46. ಕಸುಬು: ಹತ್ತೊಂಬತ್ತು ವರ್ಷದಿಂದ ತೊಟ್ಟಿ ತೊಳೆಯುವುದು, ನೀರು ಹದ ಮಾಡುವುದು, ಮೀನಿಗೆ ಉಣಿಸುವುದು. ವಾಸ: ಮೀನುಮನೆಯ ಹಿಂದಿನ ಕೆಲಸಗಾರರ ವಸತಿ, ಎರಡನೇ ಮಹಡಿ, ಮೆಟ್ಟಿಲ ಪಕ್ಕದ ಮನೆ.

ಯಾರೂ ಎಳೆದು ತರದೆ ನಾನಾಗಿಯೇ ಠಾಣೆಗೆ ಬಂದು ರೈಟರ್ ಅವರ ಮುಂದೆ ಬರೆಸುವುದೇನೆಂದರೆ:

ವ್ಯವಸ್ಥಾಪಕರು ಕೊಟ್ಟ ಮಾತು ಮೂರು. ಡ್ರ್ಯಾಗನ್ ಗೋಬಿ ಮೀನುಗಳಿಗೆ ಪ್ರತ್ಯೇಕ ತೊಟ್ಟಿ. ತಿಂಗಳಿಗೊಂದು ಚೀಲ ಸಮುದ್ರದ ಉಪ್ಪು. ನೀರು ಬದಲಿಸುವ ಮೊದಲು ಪಾಲಕರನ್ನು ಕೇಳುವುದು. ಹದಿನೇಳು ಜನ ಕೆಲಸಗಾರರ ಎದುರು, ಸಂಘದ ಸಭೆಯಲ್ಲಿ ಆಡಿದ ಮಾತು. ಈಗ ಅಂಥ ಸಭೆಯೇ ನಡೆದಿಲ್ಲ ಎನ್ನುತ್ತಾರೆ. ತೊಟ್ಟಿ ಕಿತ್ತುಕೊಂಡರು. ಉಪ್ಪು ನಿಲ್ಲಿಸಿದರು. ನನ್ನನ್ನು ಕೇಳುವುದಿರಲಿ, ನನ್ನ ಮೇಲೆಯೇ ದೂರು ಕೊಟ್ಟರು.

ಈ ಮೀನಿನ ವಿಷಯ ಠಾಣೆಯವರಿಗೆ ತಿಳಿದಿರಲಿ ಎಂದು ಹೇಳುತ್ತೇನೆ. ಹಾವಿನಂತೆ ಉದ್ದ, ನೇರಳೆ ಬೆಳ್ಳಿ ಮೈ, ಸಾಸಿವೆ ಕಾಳಿನಷ್ಟು ಕಣ್ಣು, ಮುಖದ ತುಂಬ ಬಾಯಿ. ನೋಡಿದರೆ ಭಯ, ಆದರೆ ಇರುವೆಗೂ ಕೇಡು ಬಗೆಯದ ಜೀವ. ಹೊಳೆ ಸಮುದ್ರ ಸೇರುವ ಅಳಿವೆಯ ಕೆಸರಿನಲ್ಲಿ ಬಾಳುತ್ತದೆ. ಅದಕ್ಕೆ ಪೂರಾ ಸಿಹಿನೀರೂ ಆಗದು, ಪೂರಾ ಉಪ್ಪುನೀರೂ ಬೇಡ, ಎರಡರ ನಡುವಿನ ಸವಳು ನೀರು ಬೇಕು. ಕಣ್ಣು ಸರಿಯಾಗಿ ಕಾಣದು. ದೀಪ ಆರಿದ ಮೇಲೆ ಸಂಜೆ 6.15ಕ್ಕೆ ನಾನು ಉದ್ದ ಕೊಳವೆಯಲ್ಲಿ ಸೀಗಡಿ ಪುಡಿಯನ್ನೂ ನೆನೆಸಿದ ಪಾಚಿ ಬಿಲ್ಲೆಯನ್ನೂ ಅದರ ಬಾಯಿಯ ಮುಂದಕ್ಕೇ ಇಳಿಸಬೇಕು. ಮೇಲಿಂದ ಎರಚಿದರೆ ಬೇರೆ ಮೀನು ನುಂಗುತ್ತವೆ, ಇದು ಹಸಿದೇ ಸಾಯುತ್ತದೆ. ಬೆರಳುದ್ದ ಇದ್ದಾಗ ಏಳು ಬಂದವು. ಹದಿನಾಲ್ಕು ತಿಂಗಳಲ್ಲಿ ಏಳೂ ಒಂದು ಗೇಣು ಮೀರಿದ್ದವು.

ಈ ತಿಂಗಳು 4ನೇ ತಾರೀಖು ಬುಧವಾರ, ನನ್ನ ವಾರದ ರಜೆ. ಅಂದು ವ್ಯವಸ್ಥಾಪಕರು ಏಳನ್ನೂ ಹಿಂದಿನ ಕೋಣೆಯ ಅವುಗಳ ತೊಟ್ಟಿಯಿಂದ ಎತ್ತಿಸಿ, ಮುಂದಿನ ಪ್ರದರ್ಶನ ಹಾಲ್‌ನ 600 ಲೀಟರಿನ ಸಿಹಿನೀರ ತೊಟ್ಟಿಗೆ ಬಿಡಿಸಿದರು. ಅದರಲ್ಲಿ ಇಪ್ಪತ್ತೆರಡು ಬಣ್ಣದ ಮೀನುಗಳಿದ್ದವು. ಗಾಜಿನ ಮೇಲೆ 'ಅಪಾಯಕಾರಿ ಡ್ರ್ಯಾಗನ್' ಎಂದು ಚೀಟಿ ಅಂಟಿಸಿದರು. ಮರುದಿನ ಕೇಳಿದ್ದಕ್ಕೆ, ಡ್ರ್ಯಾಗನ್ ಇರಬೇಕಾದ್ದು ಜನರ ಕಣ್ಣೆದುರು, ನಿನ್ನ ಸೆರಗಿನ ಮರೆಯಲ್ಲಲ್ಲ ಎಂದರು. ನೀರು ನೀರೇ ತಾನೆ ಎಂದೂ ಹೇಳಿದರು.

10ನೇ ತಾರೀಖಿಗೆ ಮೂರು ಗೋಬಿಗಳ ಮೈಮೇಲೆ ಹತ್ತಿಯಂಥ ಬಿಳಿ ಮಚ್ಚೆ ಎದ್ದವು. 11ರಂದು ನನಗೆ ರಜೆಯಿದ್ದರೂ ಬೆಳಿಗ್ಗೆ 9.20ಕ್ಕೆ ನಾನು ಪತ್ರ ಬರೆದು ವ್ಯವಸ್ಥಾಪಕರ ಕೈಗೇ ಕೊಟ್ಟೆ. ಅದರಲ್ಲಿದ್ದದ್ದು: ಸಮುದ್ರದ ಉಪ್ಪು ಒಂಬತ್ತು ಕಿಲೋ ಬೇಕು, ಗೋಬಿಗಳನ್ನು ಮೊದಲು ಅವುಗಳ ತೊಟ್ಟಿಗೆ ಮರಳಿಸಬೇಕು, ದಿನಕ್ಕೊಂದು ಕಿಲೋದಂತೆ ಬಕೆಟ್ಟಿನಲ್ಲಿ ಕರಗಿಸಿ ಒಂಬತ್ತು ದಿನ ಹಾಕಬೇಕು. ಅವರು ಮೊದಲ ಸಾಲು ಓದಿ ಪತ್ರ ಮಡಚಿ ಜೇಬಿಗಿಟ್ಟರು. ಐದು ದಿನ ಸುದ್ದಿಯಿಲ್ಲ. ನಾನು ದಿನಾ ಹೋಗಿ ಬಾಗಿಲಲ್ಲಿ ನಿಂತೆ. ದಿನಾ 'ನೋಡೋಣ' ಎಂದರು.

16ನೇ ತಾರೀಖು ಸೋಮವಾರ ಹತ್ತು ಗಂಟೆಗೆ ಆಡಳಿತ ಮಂಡಳಿಯ ಅಧ್ಯಕ್ಷರು ಬರುವವರಿದ್ದರು. ನಾನು 7.40ಕ್ಕೆ ಕೆಲಸಕ್ಕೆ ಬಂದೆ. ಹಾಲ್‌ನ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನಂತಿತ್ತು. ಬಣ್ಣದ ಮೀನುಗಳಲ್ಲಿ ಹತ್ತೊಂಬತ್ತು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎಡ ಮೂಲೆಯ ಮರಳಿನ ಮೇಲೆ ಕರಗದ ಉಪ್ಪು ಗುಡ್ಡೆ ಬಿದ್ದಿತ್ತು. ಗೋಬಿಗಳು ಹಗಲು ಹುದುಗಿಕೊಳ್ಳುವುದು ಅದೇ ಮೂಲೆಯ ಮರಳಿನಲ್ಲಿ. ನಾನು ಮೊಣಕೈವರೆಗೆ ಕೈ ಇಳಿಸಿ ಗುಡ್ಡೆ ಬಗೆದೆ. ಮೂರು ಸತ್ತಿದ್ದವು. ಒಂದರ ಚರ್ಮ ನನ್ನ ಬೆರಳಿಗೇ ಅಂಟಿಕೊಂಡು ಬಂತು. ಉಳಿದ ನಾಲ್ಕನ್ನು, ಹಿಂದಿನ ಕೋಣೆಯ ಪೀಪಾಯಿಯಲ್ಲಿ ನಾನು ಉಳಿಸಿಟ್ಟಿದ್ದ ಸವಳು ನೀರಿಗೆ ಸಾಗಿಸಿದೆ. ಇದಕ್ಕೆ ಹಿಡಿದದ್ದು ಹದಿನಾಲ್ಕು ನಿಮಿಷ.

ಕಸ ಗುಡಿಸುವ ಅಜ್ಜ ಆರು ಗಂಟೆಯಿಂದಲೇ ಹಾಲ್‌ನಲ್ಲಿದ್ದರು. 6.10ಕ್ಕೆ ವ್ಯವಸ್ಥಾಪಕರು ಕ್ಯಾಂಟೀನಿನ ಅಡುಗೆ ಉಪ್ಪಿನ ಕಿಲೋ ತೂಕದ ಒಂಬತ್ತು ಪೊಟ್ಟಣ ತರಿಸಿ, ತಾವೇ ಸ್ಟೂಲು ಹತ್ತಿ, ಒಂದರ ಹಿಂದೊಂದು ಕತ್ತರಿಸಿ ಸುರಿದರೆಂದು ಅಜ್ಜ ಹೇಳಿದರು. ಅಧ್ಯಕ್ಷರು ಬರುವಷ್ಟರಲ್ಲಿ ಮಚ್ಚೆ ಹೋಗಬೇಕಿತ್ತಂತೆ. ಸುರಿಯುವಾಗ ಆಡಿದ ಮಾತನ್ನು ಅಜ್ಜ ಹೇಳಿದಂತೆಯೇ ಬರೆಸುತ್ತೇನೆ: "ಉಪ್ಪು ಉಪ್ಪು ಅಂತ ಐದು ದಿನದಿಂದ ಬಾಯಿ ಬಡ್ಕೋತಾ ಇದಾಳಲ್ಲ, ತಗೊಳ್ಳಲಿ, ಲೆಕ್ಕಕ್ಕೆ ಒಂಬತ್ತೂ ಇದೆ."

ಒಂಬತ್ತು ದಿನದ ಕೆಲಸವನ್ನು ಒಂಬತ್ತು ನಿಮಿಷದಲ್ಲಿ ಮುಗಿಸಿದರು. ಗೊತ್ತಿಲ್ಲದೆ ಮಾಡಿದ್ದರೆ ತಪ್ಪು ಎನ್ನುತ್ತಿದ್ದೆ. ಜೇಬಿನಲ್ಲಿ ಪತ್ರ ಇಟ್ಟುಕೊಂಡು ಮಾಡಿದ್ದಕ್ಕೆ ಬೇರೆ ಹೆಸರಿದೆ, ಅದನ್ನು ಠಾಣೆಯವರೇ ಬರೆದುಕೊಳ್ಳಲಿ.

8.30ಕ್ಕೆ ವ್ಯವಸ್ಥಾಪಕರು ಬಂದು ನನ್ನ ಕೈಗೆ ಮೆತ್ತಿದ್ದ ಉಪ್ಪಿನ ಫೋಟೋ ತೆಗೆದರು. ಉಂಡ ಮನೆಗೆ ಎರಡು ಬಗೆದವಳು ಎಂದರು. ಇನ್ನು ಕೆಲಸಕ್ಕೆ ಬರಬೇಡ ಎಂದು ಬೀಗದ ಕೈ ಕಸಿದುಕೊಂಡು, ನಾಲ್ಕು ಗೋಬಿಗಳಿದ್ದ ಹಿಂದಿನ ಕೋಣೆಗೆ ಬೀಗ ಹಾಕಿದರು. 9.15ಕ್ಕೆ, ನಾನು ದ್ವೇಷದಿಂದ ಉಪ್ಪು ಸುರಿದು ಮೀನು ಕೊಂದೆನೆಂದು ಇದೇ ಠಾಣೆಗೆ ದೂರು ಕೊಟ್ಟರು. ನೀರಿಗೆ ಕೈ ಹಾಕುವವರ ಕೈಗೇ ಉಪ್ಪು ಮೆತ್ತುವುದು, ಸ್ವಾಮಿ. ಪೊಟ್ಟಣ ಕತ್ತರಿಸಿ ಸುರಿದವರ ಕೈ ಒಣಗಿಯೇ ಇರುತ್ತದೆ.

ಇಂದು 17ನೇ ತಾರೀಖು ಮಂಗಳವಾರ ಮಧ್ಯಾಹ್ನ 3.10ಕ್ಕೆ ಅಜ್ಜನ ಜೊತೆ ಠಾಣೆಗೆ ಬಂದೆ. ಮೀನಿಗೆ ಉಪ್ಪು ಹಾಕುವುದು ಬಾಣಲೆಗೆ ಬಿದ್ದ ಮೇಲೆ ಅಲ್ಲವೇನಮ್ಮ ಎಂದು ಠಾಣಾಧಿಕಾರಿಗಳು ನಕ್ಕರು. ನಾನು ನಗಲಿಲ್ಲ. ದೂರಿನ ಪ್ರತಿ ಓದಿಸಿಕೊಂಡೆ. ಬದುಕಿದ ನಾಲ್ಕು ಮೀನುಗಳನ್ನು ಅದರಲ್ಲಿ 'ಸಾಕ್ಷ್ಯ' ಎಂದು ಬರೆಯಲಾಗಿತ್ತು. ಸಾಕ್ಷ್ಯ ನಿನ್ನೆಯಿಂದ ಉಂಡಿಲ್ಲ, ಅದರ ಮೈ ಸುಟ್ಟಿದೆ, ನೀರು ಬದಲಾಗಿಲ್ಲ, ಇವತ್ತು ಸಂಜೆಯೂ ಬಾಗಿಲು ತೆರೆಯದಿದ್ದರೆ ನಿಮ್ಮ ಸಾಕ್ಷ್ಯ ನಾಳೆ ತೇಲುತ್ತದೆ, ಆಗ ಯಾರ ಕೈಯ ಫೋಟೋ ತೆಗೆಯುತ್ತೀರಿ ಎಂದು ಕೇಳಿದೆ. ಠಾಣಾಧಿಕಾರಿಗಳ ನಗು ನಿಂತಿತು. ಅವರು ರೈಟರ್ ಅವರತ್ತ ತಿರುಗಿ, "ಕುರುಡು ಸಾಕ್ಷಿಗೆ ತುತ್ತು ಇಡೋದು ಈಯಮ್ಮನಿಗೆ ಬಿಟ್ಟು ಯಾರಿಗಾದ್ರೂ ಬರುತ್ತೇನ್ರೀ?" ಎಂದು ಕೇಳಿದರು. ಬರುವುದಿಲ್ಲ ಎಂದು ರೈಟರ್ ಹೇಳಿದರು. ಇಂದಿನಿಂದ ದಿನಾ ಸಂಜೆ 6.15ಕ್ಕೆ ಪೇದೆಯೊಬ್ಬರ ಸಮಕ್ಷಮ ಬೀಗ ತೆಗೆಸಿ ನನ್ನಿಂದಲೇ ಉಣಿಸಬೇಕೆಂದು ಠಾಣಾಧಿಕಾರಿಗಳು ಬರಹದಲ್ಲಿ ಆದೇಶ ಮಾಡಿದ್ದಾರೆ. ನನ್ನ ಕೆಲಸ ಮರಳಿ ಕೊಡಿಸುವುದು ತಮ್ಮ ಕೈಯಲ್ಲಿಲ್ಲ ಎಂದೂ ಹೇಳಿದ್ದಾರೆ. ಅದು ನಮಗೆ ಗೊತ್ತು. ಅದಕ್ಕೆ ಸಂಘ ಇದೆ.

ಮೊದಲ ಬರಹದಲ್ಲಿ ರೈಟರ್ ಅವರು ವ್ಯವಸ್ಥಾಪಕರು 'ಅಚಾತುರ್ಯದಿಂದ' ಸುರಿದರು ಎಂದು ಬರೆದಿದ್ದರು. ಆ ಪದ ಹೊಡೆಸಿದ್ದೇನೆ. ಹೊಡೆದ ಕಡೆ ನನ್ನ ಸಹಿ ಇದೆ.

ಇಷ್ಟನ್ನೂ ನನಗೆ ಓದಿ ಕೇಳಿಸಿದರು. ಕಂಡದ್ದನ್ನು ಕಂಡಂತೆ, ಅಜ್ಜನಿಂದ ಕೇಳಿದ್ದನ್ನು ಕೇಳಿದಂತೆ ಬರೆಸಿದ್ದೇನೆ. ಒಂದು ಅಕ್ಷರ ಸುಳ್ಳಿದ್ದರೂ ಶಿಕ್ಷೆಗೆ ನಾನು ಸಿದ್ಧ.

ಸ್ಥಳ: ಠಾಣೆ. ಮಂಗಳವಾರ, 17ನೇ ತಾರೀಖು, ಸಂಜೆ 5.05.
ಸಹಿ: ತೊಟ್ಟಿ ಪಾಲಕಿ
ಸಾಕ್ಷಿ: ಕಸ ಗುಡಿಸುವ ಅಜ್ಜ. ಕೆಲಸ ಹೋದರೆ ಹೋಗಲಿ ಎಂದು ಹೇಳಿ ಸಹಿ ಹಾಕಿದ್ದಾರೆ.

ಅಡಿಟಿಪ್ಪಣಿಯಾಗಿ ಇದನ್ನೂ ಸೇರಿಸಬೇಕೆಂದು ಕೋರಿದ್ದೇನೆ, ವ್ಯವಸ್ಥಾಪಕರಿಗೆ ತಲುಪಲಿ: ಮೀನುಮನೆ ಕೆಲಸಗಾರರ ಸಂಘದ ಮುಂದಿನ ಸಭೆ ಗುರುವಾರ, 19ನೇ ತಾರೀಖು, ಸಂಜೆ ಐದೂವರೆಗೆ. ಅವರ ಕಚೇರಿಯಲ್ಲಲ್ಲ, ಹಾಲ್‌ನ ತೊಟ್ಟಿಯ ಎದುರು.